ತಂಗೆವ್ವನ ಮನೆಯ ಬೀಗರು

ಸವದತ್ತಿಯಿಂದ ಎಲ್ಲಮ್ಮನ ಗುಡ್ಡಕ್ಕೆ ಏರುವ ದಾರಿಯಲ್ಲಿ, ಬಳೆ ಅಂಗಡಿ ದಾಟಿದ ಮೇಲೆ ಎಡಗಡೆಗೆ, ನೀಲಿ ಬಾಗಿಲಿನ ಉದ್ದನೆಯ ಮನೆಯೊಂದಿದೆ. ಅದೇ ತಂಗೆವ್ವನ ಮನೆ. ಗುಡ್ಡಕ್ಕೆ ಬಂದವರಿಗೆ ಅಲ್ಲಿ ಬಾಡಿಗೆಗೆ ಕೋಣೆಗಳು ಸಿಗುತ್ತವೆ. ಕೇಳಿದರೆ ಬಿಸಿ ರೊಟ್ಟಿ, ಕೇಳದಿದ್ದರೂ ಒಂದು ಉಪದೇಶ.

ಆ ಉಪದೇಶ ಮುಗಿಯುವ ತನಕ ತಂಗೆವ್ವ ಯಾರ ಕೈಗೂ ಬೀಗದ ಕೈ ಕೊಡುತ್ತಿರಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡ ಗೊಂಚಲನ್ನು ಒಂದು ಕೈಯಲ್ಲಿ ಹಿಡಿದು, ಬಾಗಿಲಿಗೆ ಅಡ್ಡ ನಿಂತು ಶುರು ಮಾಡುತ್ತಿದ್ದಳು.

"ಬಂದ್ರಿ, ಚೊಲೋ ಆತು. ಖೋಲಿ ಹಸನ ಐತಿ, ಹಾಸಿಗಿ ಹಸನ ಐತಿ. ಆದ್ರ ಒಂದ ಮಾತ ಮೊದ್ಲ ಹೇಳತೇನಿ, ಆಮ್ಯಾಲ ನನ್ನ ಬೈಬ್ಯಾಡ್ರಿ. ಇಲ್ಲಿ ಬೀಗರು ಬರತಾರ. ಕೊಬ್ಬರಿ, ಬಾಳಿಹಣ್ಣು, ಪ್ರಸಾದ ನೆಲದ ಮ್ಯಾಲ ಇಡಬ್ಯಾಡ್ರಿ. ಗ್ವಾಡ್ಯಾಗ ಗೂಟ ಅದಾವ, ಚೀಲ ಅದಕ್ಕ ತೂಗ ಹಾಕ್ರಿ. ತಲಿದಿಂಬಿನ ಬುಡಕ ತಿನ್ನೂದು ಇಟಗೊಂಡು ಮಕ್ಕೋಬ್ಯಾಡ್ರಿ. ಜಂತಿ ಮ್ಯಾಲ ಸಪ್ಪಳಾದ್ರ ಅಂಜಬ್ಯಾಡ್ರಿ, ಅವರು ತಮ್ಮ ದಾರಿ ಹಿಡದು ಹೋಗ್ತಾರ. ಅವರು ಬಾಯಿ ಹಚ್ಚಿದ್ದನ್ನ ಮಾತ್ರ ಯಾರೂ ತಿನಬ್ಯಾಡ್ರಿ. ನನಗ ತಂದ ಕೊಡ್ರಿ, ತಿಪ್ಪಿಗೆ ಒಗೀತೇನಿ."

ಬೀಗರು ಅಂದರೆ ಇಲಿಗಳು. ಆದರೆ ತಂಗೆವ್ವ ಆ ಹೆಸರನ್ನು ಮನೆಯೊಳಗೆ ಎತ್ತುವವಳಲ್ಲ.

ಅದಕ್ಕೊಂದು ಕಾರಣವಿತ್ತು. ಕಟಕೋಳದಿಂದ ಹೊಸದಾಗಿ ಮದುವೆಯಾಗಿ ಈ ಮನೆಗೆ ಬಂದ ದಿನ ಅಡುಗೆಮನೆಯ ಮಾಡಿನಲ್ಲಿ ಬಾಲ ಇಳಿಬಿಟ್ಟುಕೊಂಡು ಕುಳಿತಿದ್ದ ಒಂದನ್ನು ನೋಡಿ ಅವಳು "ಇಲಿ!" ಎಂದು ಕಿರುಚಿದ್ದಳು. ಅತ್ತೆ ಓಡಿ ಬಂದು ಹಿಟ್ಟಿನ ಕೈಯಲ್ಲೇ ಅವಳ ಬಾಯಿ ಮುಚ್ಚಿದಳು. "ಹೆಸರ ಹಿಡದ ಕರದ್ರ ಅವರಿಗೆ ಕೇಳಸ್ತೈತಿ, ಹುಡುಗಿ. ಸಿಟ್ಟಿಗೆದ್ದು ಅರಿವಿ ಕಡೀತಾರ. ಬೀಗರು ಅನ್ನು." ಮರುದಿನ ಬೆಳಿಗ್ಗೆ ಟ್ರಂಕು ತೆಗೆದರೆ ಹೊಸ ಕುಪ್ಪಸದ ತೋಳುಗಳೇ ಇರಲಿಲ್ಲ. ಆ ಕುಪ್ಪಸದ ಮಡಿಕೆಯಲ್ಲಿ ಅವಳು ತವರಿನ ಶೇಂಗಾ ಉಂಡಿಗಳನ್ನು ಬಚ್ಚಿಟ್ಟಿದ್ದಳು ಎಂಬುದು ಬೇರೆ ಮಾತು. ಅಂದಿನಿಂದ ಅವಳಿಗೆ ಅವರು ಬೀಗರೇ. ಹೇಳದೆ ಬರುತ್ತಾರೆ, ಇದ್ದುದರಲ್ಲಿ ಒಳ್ಳೆಯದನ್ನೇ ಹುಡುಕಿ ತಿನ್ನುತ್ತಾರೆ, ಮುಖಕ್ಕೆ ಬೈಯುವ ಹಾಗಿಲ್ಲ. ಹೆಸರು ಸರಿಯಾಗಿಯೇ ಇತ್ತು. ಬೀಗರೆಂದ ಮೇಲೆ ಬಹುವಚನವೂ ಬೇಕಲ್ಲ, ಬಂದಾರ, ತಿಂದಾರ, ಹೋಗ್ಯಾರ ಎಂದೇ ಅನ್ನುತ್ತಿದ್ದಳು. ಗಣಪ್ಪನ ಹಬ್ಬದ ಮರುದಿನ ಅವರಿಗೆಂದೇ ಹಿತ್ತಿಲ ಮೂಲೆಯಲ್ಲಿ ಎರಡು ಕಡುಬು ಇಡುತ್ತಿದ್ದಳು. ಅವಳ ಜಾಗ್ರತೆ ಎಲ್ಲಿಯ ತನಕ ಹೋಗಿತ್ತೆಂದರೆ ಇಲಕಲ್ ಸೀರೆಯನ್ನೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಮೊದಲೆರಡು ಅಕ್ಷರ ಕೇಳಿಯೇ ಅವರು ತಪ್ಪು ತಿಳಿದುಕೊಂಡರೆ? "ಕೆಂಪು ಸೆರಗಿನ ಸೀರಿ" ಅನ್ನುತ್ತಿದ್ದಳು. ಅಂಗಡಿಯವನು ಹತ್ತಾರು ಕೆಂಪು ಸೆರಗು ಬಿಚ್ಚಿ ಹಾಕಿ ಸುಸ್ತಾಗುತ್ತಿದ್ದ.

ಈ ಕೋಣೆಗಳೂ ಮೊದಲು ಕೋಣೆಗಳಲ್ಲ. ಗಂಡ ಮಡಿವಾಳೆಪ್ಪ ಇದ್ದಾಗ ಅಲ್ಲಿ ಜೋಳ, ಶೇಂಗಾ ಚೀಲ ಒಟ್ಟುತ್ತಿದ್ದರು. ಹುಣ್ಣಿಮೆ ಬಂತೆಂದರೆ ಗುಡ್ಡಕ್ಕೆ ಹೋಗುವ ಮಂದಿ ಕಟ್ಟೆಯ ಮೇಲೆ ಚಳಿಯಲ್ಲಿ ಮಲಗುವುದನ್ನು ನೋಡಿ, ಚೀಲ ತೆಗೆಸಿ, ಸುಣ್ಣ ಬಳಿಸಿ, ಚಾಪೆ ಹಾಸಿದವಳು ತಂಗೆವ್ವ. ಕಾಳು ಹೋಗಿ ಭಕ್ತರು ಬಂದರು. ಬೀಗರು ಮಾತ್ರ ಹಳೆಯ ವಿಳಾಸ ಬಿಡಲಿಲ್ಲ. ಮಗ ಕಾಂತೇಶ ಈಚೆಗೆ ನೆಲಕ್ಕೆ ಟೈಲ್ಸ್ ಹಾಕಿಸಿದ, ಕಿಟಕಿಗೆ ಜಾಳಿಗೆ ಬಡಿಸಿದ, ಮೂಲೆ ಮೂಲೆಗೆ ತಂತಿಯ ಪೆಟ್ಟಿಗೆ ಇಟ್ಟ. ಸಿಕ್ಕವರನ್ನು ತಂಗೆವ್ವ ಕೊಲ್ಲಗೊಡುತ್ತಿರಲಿಲ್ಲ, ಗಣಪ್ಪನ ಕಡೆಯವರಲ್ಲವೇ? ಪೆಟ್ಟಿಗೆಯನ್ನು ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಿ ಮಲಪ್ರಭೆಯ ದಂಡೆಯಲ್ಲಿ ಬಿಟ್ಟು ಬರುವುದು ಕಾಂತೇಶನ ಕೆಲಸ.

ಬಂದವರಿಗೆಲ್ಲ ಈ ಮಾತು ಅರ್ಥವಾಗುತ್ತಿತ್ತೇ ಎಂದರೆ, ಇಲ್ಲ. ಕೊಲ್ಹಾಪುರದ ಹೆಣ್ಣುಮಕ್ಕಳಿಗೆ ಅವಳು ಮರಾಠಿಯಲ್ಲಿ "ಪಾವ್ಹಣೆ ಯೇತಾತ" ಎಂದು ನೆಂಟರು ಬರುವ ಸುದ್ದಿ ಹೇಳಿದರೆ ಅವರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಬೆಂಗಳೂರಿನ ಗಂಡ ಹೆಂಡತಿ ಇಬ್ಬರು ಒಮ್ಮೆ ತಟ್ಟೆಯಲ್ಲಿ ಬಾಳೆಹಣ್ಣು ಜೋಡಿಸಿಟ್ಟು, ಪಕ್ಕದಲ್ಲಿ ಚಾಪೆ ಬಿಚ್ಚಿ, ಬೀಗರಿಗಾಗಿ ಕಾದು ಕಾದು ನಿದ್ದೆ ಹೋದರು. "ನಿಮ್ಮ ಬೀಗರು ಬಂದು ಹೋಗಿದ್ದಾರೆ ಅಜ್ಜಿ, ನಮ್ಮನ್ನು ಎಬ್ಬಿಸಲೇ ಇಲ್ಲ. ಸಿಪ್ಪೆ ಸಮೇತ ತಿಂದಿದ್ದಾರೆ!" ಎಂದರು ಬೆಳಿಗ್ಗೆ. ಊರಿಗೆ ಹೋಗಿ ಮೊಬೈಲಿನಲ್ಲಿ ನಾಲ್ಕು ಚುಕ್ಕಿ ಕೊಟ್ಟು ಬರೆದಿದ್ದರಂತೆ: ಕೋಣೆ ಸ್ವಚ್ಛ, ಅಜ್ಜಿ ಒಳ್ಳೆಯವರು, ಬೀಗರಿಗೆ ಮಾತ್ರ ಸ್ವಲ್ಪ ನಡತೆ ಕಲಿಸಬೇಕು.

ಇಂಥ ಮನೆಗೆ ಈ ಸಲ ನಿಜವಾದ ಬೀಗರು ಬರುವವರಿದ್ದರು.

ಮೊಮ್ಮಗಳು ಶೈಲಜಾಳಿಗೆ ಕಿತ್ತೂರಿನ ಸಂಬಂಧ ಬಂದಿತ್ತು. ಹುಡುಗ ನಿಂಗರಾಜ, ಹೈವೇ ಪಕ್ಕದಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಶೈಲಜಾ ಹೊಲಿಗೆ ಮಷಿನ್ ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಿದ್ದಳು, ಸೀರೆಗೆ ಕಸೂತಿ ಹಾಕುತ್ತಿದ್ದಳು. ಬೈಲಹೊಂಗಲದ ಒಂದು ಮದುವೆಯಲ್ಲಿ ಅವರಿಬ್ಬರು ಮಾತಾಡಿದ್ದರು. ಆಮೇಲೆ ಫೋನಿನಲ್ಲಿ ಮಾತಾಡಿದ್ದರು. ಅದಕ್ಕೂ ಮೊದಲು ಬಂದ ಗಂಡುಗಳಿಗೆಲ್ಲ ಏನೋ ಒಂದು ಕೊಂಕು ತೆಗೆದಿದ್ದ ಹುಡುಗಿ ಈ ಸಲ ಸುಮ್ಮನೆ ತಲೆ ತಗ್ಗಿಸಿ, ಸೂಜಿಗೆ ದಾರ ಪೋಣಿಸುವುದು ಬಿಟ್ಟು ದಾರಕ್ಕೆ ಸೂಜಿ ಪೋಣಿಸಲು ಹೋಗಿದ್ದನ್ನು ನೋಡಿಯೇ ತಂಗೆವ್ವನಿಗೆ ತಿಳಿಯಿತು. ಈ ಸಂಬಂಧ ತಪ್ಪಿದರೆ ಮೊಮ್ಮಗಳು ಬಾಯಿ ಬಿಟ್ಟು ಅಳುವವಳೂ ಅಲ್ಲ, ಸುಲಭಕ್ಕೆ ಮರೆಯುವವಳೂ ಅಲ್ಲ.

ಹುಡುಗನ ತಾಯಿ ಶಟ್ಟೆವ್ವ, ತಂದೆ ವೀರಪ್ಪ ಗುಡ್ಡಕ್ಕೆ ಬಂದು ದೇವಿಯ ದರ್ಶನ ಮುಗಿಸಿ, ರಾತ್ರಿ ಇಲ್ಲಿಯೇ ಉಳಿದು, ಬೆಳಿಗ್ಗೆ ಹುಡುಗಿಗೆ ಉಡಿ ತುಂಬಿ ಮಾತು ಗಟ್ಟಿ ಮಾಡಿ ಹೋಗುವುದೆಂದು ಆಗಿತ್ತು.

ಸೊಸೆ ಕಸ್ತೂರಿ ಅಂದು ಮಧ್ಯಾಹ್ನವೇ ತಂಗೆವ್ವನನ್ನು ಅಡುಗೆಮನೆಗೆ ಕರೆದಳು.

"ಅತ್ತಿ, ಕಾಲ ಬೀಳತೇನಿ, ಈ ಸಲ ನಿಮ್ಮ ಪುರಾಣ ಬ್ಯಾಡ್ರಿ."

"ಯಾವ ಪುರಾಣಾ?"

"ಅದ ರಿ, ಬೀಗರದು. ಗೂಟಕ್ಕ ತೂಗ ಹಾಕ್ರಿ, ದಿಂಬಿನ ಬುಡಕ ಇಡಬ್ಯಾಡ್ರಿ... ಹೆಣ್ಣ ಕೊಡೂ ಮನ್ಯಾಗ ಇಷ್ಟ ಅವ ಅದಾವ ಅಂತ ಗೊತ್ತಾದ್ರ ಏನ ತಿಳಕೋತಾರ?"

"ಹೇಳಲಿಲ್ಲಂದ್ರ ಏನ ತಿಳಕೋತಾರ?"

"ಒಂದ ರಾತ್ರಿ ರಿ ಅತ್ತಿ! ಒಂದ ರಾತ್ರಿ ಬಾಯಿ ಹಿಡಕೊಳ್ರಿ."

ತಂಗೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಹ್ಞೂಂ ಅಂದಳು. ಮೊಮ್ಮಗಳಿಗಾಗಿ ಅಂದಳು. ಆದರೆ ಅವಳಿಗೆ ಮಾತು ನುಂಗುವುದು ಕಲ್ಲುಸಕ್ಕರೆಯನ್ನು ಇಡಿಯಾಗಿ ನುಂಗಿದ ಹಾಗೆ.

ಸಂಜೆ ಬೀಗರು ಬಂದರು. ಶಟ್ಟೆವ್ವ ತುಂಬಿದ ಮೈಯವಳು, ನಕ್ಕರೆ ಮೂಗುತಿಯೂ ನಗುವಂಥವಳು. ವೀರಪ್ಪ ಮಾತು ಕಡಿಮೆ, ಮೀಸೆ ಜಾಸ್ತಿ. ಆ ಮೀಸೆಯ ತುದಿಯನ್ನು ತಿರುವುತ್ತಲೇ ಅವನು ಹೂಂ ಎನ್ನುತ್ತಿದ್ದ, ಊಹೂಂ ಎನ್ನುತ್ತಿದ್ದ. ಶಟ್ಟೆವ್ವನ ಕೈಯಲ್ಲಿ ದೊಡ್ಡದೊಂದು ಬಟ್ಟೆ ಚೀಲ. ಹುಡುಗಿಗೆಂದು ತಂದ ಇಲಕಲ್ ಸೀರೆ, ಅದರ ಮಡಿಕೆಯಲ್ಲೇ ಉಡಿಯ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ. ಹಾಗೆಂದು ಬಿಚ್ಚಿ ತೋರಿಸಿ, ಮತ್ತೆ ಮಡಚಿ, ಚೀಲವನ್ನು ಮಂಚದ ಪಕ್ಕ ನೆಲದ ಮೇಲೆ ಇಟ್ಟಳು.

ತಂಗೆವ್ವನ ಕಣ್ಣು ಆ ಚೀಲಕ್ಕೆ ಅಂಟಿಕೊಂಡಿತು. ಊಟಕ್ಕೆ ಕರೆಯಲು ಹೋದಾಗ ತಡೆಯದಾಯಿತು.

"ಚೀಲಾ ಗೂಟಕ್ಕ ಹಾಕ್ರೆವ್ವಾ."

"ಇರ್ಲಿ ಬಿಡ್ರಿ, ಇಲ್ಲೇ ಕೈಗೆ ಸಿಗತೈತಿ. ಯಾಕ್ರಿ?"

ಹಿಂದಿನಿಂದ ಕಸ್ತೂರಿ ಕೆಮ್ಮಿದಳು.

"ಏನಿಲ್ಲ... ಚೀಲಕ್ಕ ಒಂದೀಟ ಗಾಳಿ ಆಡ್ಲಿ ಅಂತ."

"ಚೀಲಕ್ಕ ಯಾಕ ಗಾಳಿ, ನನಗ ಬೇಕಾಗೇತಿ ನೋಡ್ರಿ, ಮೆಟ್ಟಲಾ ಹತ್ತಿ ಇಳದು!" ಎಂದು ಶಟ್ಟೆವ್ವ ನಕ್ಕಳು. ಫ್ಯಾನಿನ ಗುಂಡಿ ಒತ್ತಿದ ಕಸ್ತೂರಿ ಅತ್ತೆಯ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಊಟಕ್ಕೆ ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಚೆನ್ನಾಗಿಯೇ ಆಯಿತು. ಶಟ್ಟೆವ್ವ ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡು, "ಕೈ ಚೊಲೋ ಐತ್ರಿ ಈ ಮನೀದು" ಅಂದಳು. ಶೈಲಜಾಳ ಮುಖ ಅರಳಿತು. ತಂಗೆವ್ವ ಮಾತ್ರ ಆ ರಾತ್ರಿ ಜಂತಿಯ ಸಪ್ಪಳ ಕೇಳಿದಾಗಲೆಲ್ಲ ಮಗ್ಗುಲು ಬದಲಿಸಿದಳು.

ನಸುಕಿನಲ್ಲಿ ಎದ್ದು ಹಿತ್ತಿಲಲ್ಲಿ ನೀರೊಲೆಗೆ ಉರಿ ಹಾಕುತ್ತಿದ್ದಾಗ ಗೋಡೆಯ ಮೇಲೆ ಒಂದು ಬೀಗತಿ, ಬಾಲದವಳು, ಕೊಬ್ಬರಿ ಚೂರು ಕಚ್ಚಿಕೊಂಡು ಓಡಿದಳು. ಅವಳ ಹಿಂದೆ ಇನ್ನೊಬ್ಬಳು. ಆ ಕೊಬ್ಬರಿ ಯಾವ ಚೀಲದ್ದೆಂದು ತಂಗೆವ್ವ ಯಾರನ್ನೂ ಕೇಳಬೇಕಾಗಿರಲಿಲ್ಲ. ಅಷ್ಟರಲ್ಲಿ ಕಾಂತೇಶ ಹಲ್ಲುಜ್ಜುತ್ತ ಬಂದ. ರಾತ್ರಿಯಿಡೀ ಕಟ್ಟಿಟ್ಟ ಮಾತು ಅವನ ಮೇಲೆ ಸುರಿಯಿತು.

"ಕಾಂತ್ಯಾ, ಈ ಬೀಗರ ಕಾಟ ಸಾಕಾಗೇತೋ ನನಗ! ತಿನ್ನಾಕಂತನ ಹುಟ್ಟ್ಯಾರ. ಎಷ್ಟ ಹಾಕಿದ್ರೂ ಹೊಟ್ಟಿ ತುಂಬೂದಿಲ್ಲ ಅವರಿಗೆ."

"ಈಗೇನ ಮಾಡಂತೀಯವ್ವಾ?"

"ಮಾಡೂದೇನು, ಪೆಟಗಿ ಇಡು. ಹಿಡದ ಪೆಟಗ್ಯಾಗ ತುಂಬಿ ಮಲಪ್ರಭಾ ದಂಡಿಗೆ ಒಗದ ಬಾ."

"ಹ್ವಾದ ಸಲಾನೂ ಬಿಟ್ಟ ಬಂದಿದ್ನೆಲ್ಲವ್ವಾ. ನಾ ಗಾಡಿ ಹಚ್ಚೂದ್ರಾಗ ಅವರು ತಿರಗಿ ಮನ್ಯಾಗ ಇದ್ರು!"

"ಆ ದಪ್ಪಾಕಿ ಅದಾಳಲ್ಲ, ಹೊಟ್ಟಿ ನೆಲಕ್ಕ ಹತ್ತತೈತಿ, ಆಕಿನ ಎಲ್ಲಾರಿಗೂ ದಾರಿ ತೋರ್ಸಾಕಿ. ಮತ್ತ ಆ ಮುದುಕ! ಮೀಸಿ ಅಳ್ಳಾಡ್ಸಕೋತ ಮೂಲ್ಯಾಗ ಕುಂದರತಾನ, ಏನೂ ಅರೀದವರಂಗ!"

ಬಚ್ಚಲ ಗೋಡೆಯ ಆಚೆ, ಬಿಸಿನೀರು ಕೇಳಲು ಬಂದ ಶಟ್ಟೆವ್ವ ನಿಂತಿದ್ದಳು. ಕೈಯಲ್ಲಿ ಹಿಡಿದ ತಂಬಿಗೆ ಅಲ್ಲೇ ಕಟ್ಟೆಯ ಮೇಲೆ ಕುಳಿತಿತು, ಅವಳು ಕೋಣೆಗೆ ತಿರುಗಿ ಹೋದಳು.

ಸ್ವಲ್ಪ ಹೊತ್ತಿಗೆ ನಡುಮನೆಯಲ್ಲಿ ಗದ್ದಲ. ವೀರಪ್ಪ ತಲೆಗೆ ಪಟಗಾ ಅರ್ಧ ಸುತ್ತಿಕೊಂಡು ನಿಂತಿದ್ದಾನೆ. ಶಟ್ಟೆವ್ವ ಚೀಲವನ್ನು ಕಂಕುಳಲ್ಲಿ ಒತ್ತಿ ಹಿಡಿದಿದ್ದಾಳೆ. ಮೂಗುತಿ ನಗುತ್ತಿಲ್ಲ.

"ನಾವು ಹೊಂಟ್ವಿ."

"ಯಾಕ್ರಿ, ಏನಾತ್ರಿ?" ಕಸ್ತೂರಿ ಚಹಾದ ಕಪ್ಪು ಹಿಡಿದುಕೊಂಡೇ ಬಂದಳು. "ಉಡಿ ತುಂಬೂದು..."

"ಯಾರ ಉಡಿ ತುಂಬೂದ್ರೀ? ಎರಡ ಹೋಳಿಗಿ ತಿಂದಿದ್ದಕ್ಕ ಇಷ್ಟ ಮಾತ? ಪೆಟಗ್ಯಾಗ ತುಂಬಿ ಹ್ವಳಿ ದಂಡಿಗೆ ಒಗೀತಾರಂತ! ನೀವ ಒಗಿಯೂಕಿಂತ ಮೊದ್ಲ ನಾವ ಹೊಕ್ಕೇವಿ. ನಾ ದಪ್ಪ ಇದ್ರ ನನ್ನ ಗಂಡನ ಮನಿ ಉಂಡು ದಪ್ಪ ಆಗೇನಿ!"

"ನನ್ನ ಮೀಸಿ ಯಾರಿಗೆ ಏನ ಮಾಡೇತಿ?" ಎಂದ ವೀರಪ್ಪ. ಆ ಮನೆಗೆ ಬಂದ ಮೇಲೆ ಅವನು ಆಡಿದ ಮೊದಲ ಪೂರ್ತಿ ಮಾತು ಅದು.

ತಂಗೆವ್ವನಿಗೆ ತಿಳಿಯಿತು. ಶೈಲಜಾಳಿಗೂ ತಿಳಿಯಿತು. ಹುಡುಗಿಗೆ ನಗು ಬಂದು, ನಗು ಬಂದದ್ದಕ್ಕೇ ಅಳು ಬಂದು, ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು.

"ಅಯ್ಯ, ನಿಮಗಲ್ರೆವ್ವಾ ಅಂದಿದ್ದು! ಬ್ಯಾರೆ ಬೀಗರಿಗೆ!"

"ಬ್ಯಾರೆ ಬೀಗರು? ಇರಾಕಿ ಒಬ್ಬಾಕಿ ಮಮ್ಮಗಳು ನಿಮಗ. ಬ್ಯಾರೆ ಬೀಗರು ಎಲ್ಲಿಂದ ಬಂದ್ರು?"

"ಹಂಗಲ್ಲ... ಸಣ್ಣ ಬೀಗರು. ನಾಕ ಕಾಲಿನವರು..." ತಂಗೆವ್ವ ಕೈಯಿಂದ ಬಾಲ ಬರೆದು ತೋರಿಸಿದಳು, ಮೂಗಿನ ಮುಂದೆ ಬೆರಳು ಆಡಿಸಿ ಮೀಸೆ ತೋರಿಸಿದಳು. ಮೀಸೆ ತೋರಿಸಿದ್ದೇ ತಪ್ಪಾಯಿತು. ವೀರಪ್ಪ ಹೊಸ್ತಿಲ ಕಡೆ ತಿರುಗಿದ.

"ಅತ್ತೀಗೆ ವಯಸ್ಸಾಗೇತ್ರಿ, ಏನೇನೋ ಮಾತಾಡ್ತಾರ, ಮನಸಿಗೆ ಹಚ್ಕೋಬ್ಯಾಡ್ರಿ," ಎಂದು ಕಸ್ತೂರಿ ಸಾವರಿಸಲು ಹೋಗಿ ಇನ್ನಷ್ಟು ಕೆಡಿಸಿದಳು. ನಿಜ ಹೇಳಿದರೆ ಮನೆಯ ಮಾನ ಹೋಗುತ್ತದೆ, ಹೇಳದಿದ್ದರೆ ಸಂಬಂಧ ಹೋಗುತ್ತದೆ.

ತಂಗೆವ್ವ ಮೊಮ್ಮಗಳ ಮುಖ ನೋಡಿದಳು. ಆಮೇಲೆ ಶಟ್ಟೆವ್ವನ ಕೈ ಹಿಡಿದಳು.

"ಬರ್ರಿ ನನ್ನ ಕೂಡ. ಒಳಗ ಹೇಳಾಕ ಬರೂದಿಲ್ಲ. ಅತ್ತಿ ಮಾತ ಐತಿ."

ಎಳೆದುಕೊಂಡೇ ಹೊಸ್ತಿಲು ದಾಟಿದಳು, ಕಟ್ಟೆ ಇಳಿದಳು, ರಸ್ತೆಯ ನಡುವೆ ಹೋಗಿ ನಿಂತಳು. ಗುಡ್ಡಕ್ಕೆ ಹೊರಟ ಮಂದಿ ಗಂಟು ಹೊತ್ತುಕೊಂಡು ಸಾಗುತ್ತಿದ್ದರು. ಎದುರಿಗೇ ಇಬ್ಬರು ಹೆಂಗಸರು ಬ್ಯಾಗು ಕೆಳಗಿಟ್ಟು ಕೋಣೆ ಸಿಗುತ್ತದೆಯೇ ಎಂದು ಕಾಂತೇಶನನ್ನು ಕೇಳುತ್ತಿದ್ದರು. ತಂಗೆವ್ವ ಕಣ್ಣು ಮುಚ್ಚಿದಳು. ಮದುವೆಯಾಗಿ ಬಂದ ದಿನದಿಂದ ಗಂಟಲಲ್ಲಿ ಕಟ್ಟಿಟ್ಟಿದ್ದ ಮಾತು ಒಂದೇ ಸಲಕ್ಕೆ ಹೊರಬಂತು.

"ಇಲಿ! ಇಲಿ ರೀ! ನಮ್ಮ ಮನ್ಯಾಗ ಇಲಿ ಅದಾವ! ದೊಡ್ಡೂ ಅದಾವ, ಸಣ್ಣೂ ಅದಾವ, ದಪ್ಪಾಕಿನೂ ಒಬ್ಬಾಕಿ ಅದಾಳ! ಅವರಿಗೆ ಬೀಗರು ಅಂತೇವಿ ನಾವು!"

ಬಳೆ ಅಂಗಡಿಯವನು ಹೊರಗೆ ಬಂದು ನೋಡಿದ. ಕಸ್ತೂರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಶಟ್ಟೆವ್ವ ಮೆಲ್ಲಗೆ ಕಂಕುಳ ಚೀಲವನ್ನು ಕೆಳಗಿಳಿಸಿ ನೋಡಿದಳು. ಚೀಲದ ಮೂಲೆಯಲ್ಲಿ ಬೆರಳು ತೂರುವಷ್ಟು ತೂತು. ಅದರೊಳಗಿಂದ ಉಡಿಯ ಅಕ್ಕಿ ಸಣ್ಣಗೆ ಸುರಿಯುತ್ತಿತ್ತು, ನಡುಮನೆಯಿಂದ ರಸ್ತೆಯ ತನಕ ಬಿಳಿ ಗೆರೆ ಎಳೆದಿತ್ತು. ಅವಳು ಗೆರೆ ನೋಡಿದಳು, ತಂಗೆವ್ವನನ್ನು ನೋಡಿದಳು, ಗಂಡನ ಮೀಸೆ ನೋಡಿದಳು. ಮೊದಲು ಅವಳ ಹೊಟ್ಟೆ ಕುಲುಕಿತು, ಆಮೇಲೆ ಹೆಗಲು, ಕೊನೆಗೆ ಮೂಗುತಿ. ಕಟ್ಟೆಯ ಮೇಲೆ ಕುಸಿದು ಕುಳಿತು ನಕ್ಕಳು. ಕಣ್ಣೊರೆಸಿಕೊಂಡು ಮತ್ತೆ ನಕ್ಕಳು.

"ನಮ್ಮತ್ತಿ 'ಸಾವಕಾರ್ರು' ಅಂತಿದ್ಲ್ರಿ ಅವರಿಗೆ! ಒಮ್ಮೆ ನಿಜವಾದ ಸಾವಕಾರ ಬಾಗಲಕ್ಕ ಬಂದಾಗ ನಾ ಕಸಬರಗಿ ತೊಗೊಂಡ ಹೊಂಟಿದ್ದೆ!"

ನಗು ಇಳಿದ ಮೇಲೆ ಸೀರೆ ಬಿಚ್ಚಿದರು. ಕೊಬ್ಬರಿ ಪೂರ್ತಿ ಮಾಯ, ಉತ್ತತ್ತಿಯ ಬೀಜ ಉಳಿದಿತ್ತು. ಸೆರಗಿನ ಹತ್ತಿರ ಮಡಿಕೆಗೆ ಮಡಿಕೆ ಸೇರಿ ಸಾಲಾಗಿ ತೂತು. ಈಗ ಕಸ್ತೂರಿ ನಿಜಕ್ಕೂ ಅತ್ತಳು. "ತೂತ ಬಿದ್ದ ಸೀರಿ ಉಡಿಗೆ ಹ್ಯಾಂಗ್ರಿ? ಮೊದಲ ದಿನಾನ ಹಿಂಗಾತು. ನಾನ ಅತ್ತಿ ಬಾಯಿ ಕಟ್ಟಿದ್ದು." ಶಟ್ಟೆವ್ವನ ಮುಖವೂ ಬಾಡಿತು. ಮಗನ ಮದುವೆಗೆಂದು ಅವಳೇ ಇಲಕಲ್ಲಿಗೆ ಹೋಗಿ ಆರಿಸಿ ತಂದ ಸೀರೆ ಅದು.

ತಂಗೆವ್ವ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಯಾಕ ಅಳತೀರಿ? ಉಡಿ ತುಂಬೂದ್ರಾಗ ಮೊದ್ಲ ಊಟ ಬೀಗರದ ಅಲ್ಲೇನು? ಅವರು ಉಂಡು, ಒಪ್ಪಿ, ಗುರ್ತಾ ಹಾಕಿ ಹೋಗ್ಯಾರ. ಗಣಪ್ಪ ತಾನ ಬರೂಕಾಗಲಿಲ್ಲ, ಮಂದೀನ ಕಳಸ್ಯಾನ. ಇನ್ನ ನಿಮ್ಮದ ಬಾಕಿ."

ಶೈಲಜಾ ಅಷ್ಟರಲ್ಲಿ ಸೂಜಿಗೆ ದಾರ ಪೋಣಿಸಿಯಾಗಿತ್ತು. "ಆಯಿ, ಇಲ್ಲೆ ಕೊಡು. ತೂತ ಸಾಲಾಗಿ ಅದಾವ, ಕಸೂತಿಗೆ ಚೊಲೋ ಆಗತೈತಿ," ಎಂದು ಅಜ್ಜಿಯ ಮುಂದೆ ಕೈ ಚಾಚಿದಳು. ನಂತರ ಶಟ್ಟೆವ್ವನ ಕಡೆ ತಿರುಗಿ, ಮೆಲ್ಲಗೆ, "ನೀವು ಹ್ಞೂಂ ಅಂದ್ರ..."

"ಹ್ಞೂಂ ಅನ್ನಾಕನ ಬಂದೇನಿ, ನಮ್ಮವ್ವಾ," ಎಂದು ಶಟ್ಟೆವ್ವ ಹುಡುಗಿಯ ಗಲ್ಲ ಹಿಡಿದಳು. "ಹೊಸಾ ಕೊಬ್ಬರಿ ತರಸ್ರಿ. ಆದ್ರ ಉಡಿ ತುಂಬೂಕಿಂತ ಮೊದ್ಲ ಆ ಪುರಾಣ ಪೂರಾ ಕೇಳಬೇಕ ನಾನು. ಏನೋ ಗೂಟಾ ಅಂದ್ರೆಲ್ಲ ನಿನ್ನೆ?"

ತಂಗೆವ್ವ ಕಟ್ಟೆಯ ಮೇಲೆ ಕುಳಿತು ಮೊದಲಿನಿಂದ ಶುರು ಮಾಡಿದಳು. ಗೂಟದ ಮಾತು, ದಿಂಬಿನ ಮಾತು, ಬಾಯಿ ಹಚ್ಚಿದ್ದನ್ನು ತಿನ್ನಬಾರದೆಂಬ ಮಾತು, ಯಾವುದನ್ನೂ ಬಿಡಲಿಲ್ಲ. ಕಟ್ಟೆಯ ಹತ್ತಿರ ನಿಂತಿದ್ದ ಆ ಇಬ್ಬರು ಹೆಂಗಸರೂ ಕಿವಿಗೊಟ್ಟು ಕೇಳಿದರು. ಮುಗಿದ ಮೇಲೆ ಹಿರಿಯಳು ಬ್ಯಾಗು ಎತ್ತಿಕೊಂಡು, "ಬ್ಯಾರೆ ಕಡೆ ಕೇಳಿದ್ವಿ ರಿ, ಎಲ್ಲಾರೂ 'ಇಲ್ಲೇನಿಲ್ಲ' ಅಂದ್ರು. ಇದ್ದಿದ್ದ ಇದ್ದಂಗ ಹೇಳಿದ್ದು ನೀವ ಒಬ್ಬಾಕಿ. ಗೂಟ ಇರೂ ಖೋಲಿ ಕೊಡ್ರಿ," ಎಂದಳು.

ಆ ಹೆಸರು ಕೂಗಿದ್ದಕ್ಕೆ ತಂಗೆವ್ವನಿಗೆ ಅಂಜಿಕೆ ಇದ್ದೇ ಇತ್ತು. ಮನೆಯ ಬಟ್ಟೆಯನ್ನೆಲ್ಲ ಹಗ್ಗಕ್ಕೆ ಏರಿಸಿ ಮಲಗಿದಳು. ಮರುದಿನ ನೋಡಿದರೆ ಅವಳದೇ ಒಂದು ಹಳೆಯ ಕುಪ್ಪಸದ ಗುಂಡಿ ಮಾತ್ರ ಹೋಗಿತ್ತು. "ರಸ್ತೆ ಮ್ಯಾಲ ಅಂದಿದ್ದಲ್ಲ, ಅದಕ್ಕ ಇಷ್ಟರಾಗ ಬಿಟ್ಟಾರ," ಎಂದು ಸಮಾಧಾನಪಟ್ಟಳು. ಗುಂಡಿ ಎಂದೋ ಉದುರಿತ್ತು ಎಂದು ಕಸ್ತೂರಿ ಹೇಳಲಿಲ್ಲ.

ಮದುವೆಯಲ್ಲಿ ಶೈಲಜಾ ಅದೇ ಸೀರೆ ಉಟ್ಟಳು. ಸೆರಗಿನ ಉದ್ದಕ್ಕೆ ಕಸೂತಿಯ ಆನೆಗಳ ಸಾಲು. ನೋಡಿದವರು ಆನೆ ಬಹಳ ಚೆನ್ನಾಗಿವೆ, ಆದರೆ ಸೊಂಡಿಲು ಹಿಂದೆ ಯಾಕಿದೆ ಎಂದು ಕೇಳುತ್ತಿದ್ದರು.

ಒಂದೇ ತೊಡಕು ಉಳಿದಿತ್ತು. ಇನ್ನು ಬೀಗರು ಅಂದರೆ ಯಾರು? ಇಲಿಗಳಿಗೆ ಬೇರೆ ಹೆಸರು ಹುಡುಕಲು ತಂಗೆವ್ವ ಒಂದು ವಾರ ತಲೆ ಕೆಡಿಸಿಕೊಂಡಳು. ಶಟ್ಟೆವ್ವನೇ ತಡೆದಳು. "ಬ್ಯಾಡ್ರಿ, ಆ ಹೆಸರು ಮೊದ್ಲಿಂದ ಅವರದು. ಹಿಂದಿಂದ ಬಂದವರು ನಾವು. ಹಿರೇರದನ್ನ ಕಸಗೋಬಾರ್ದು."

ಈಗ ಕಿತ್ತೂರಿನಿಂದ ಹೊರಡುವ ಮೊದಲು ಶಟ್ಟೆವ್ವ ತಪ್ಪದೆ ಫೋನ್ ಮಾಡುತ್ತಾಳೆ.

"ಬೀಗತ್ಯಾರ, ಎರಡ ಕಾಲಿನವರು ಬರಾಕತ್ತೇವಿ. ಹೋಳಿಗಿ ಇಡ್ರಿ, ಪೆಟಗಿ ಇಡಬ್ಯಾಡ್ರಿ."